ಒರಿಜಿನಲ್ ಪಾರ್ಟ್ ಇಟ್ಟಿದ್ದೀರಾ? – ಸ್ಪೋರ್ಟ್ಸ್ ಕಾರ್ ಮಾಡಿಫಿಕೇಶನ್‌ನ ಎರಡು ಲೆಕ್ಕಗಳು

ನಮ್ಮ ಮನೇಲಿ ಅಪ್ಪನ ಒಂದು ಆರ್‌ಎಕ್ಸ್ 100 ಇತ್ತು. ಪಿಯುಸಿ ಮುಗಿದ ರಜೆಯಲ್ಲಿ ಅದು ನನ್ನ ಕೈಗೆ ಬಂತು. ಬಂದ ಎರಡೇ ವಾರಕ್ಕೆ ಹಿಂದಿನ ಮಡ್‌ಗಾರ್ಡ್ ಕತ್ತರಿಸಿದೆ, ಸೈಲೆನ್ಸರ್ ಬದಲಾಯಿಸಿದೆ, ಹ್ಯಾಂಡಲ್ ಚಿಕ್ಕದು ಮಾಡಿಸಿದೆ. ಆಗ ಸಿಕ್ಕ ಖುಷಿ ಸುಳ್ಳಲ್ಲ. ಆದ್ರೆ ಎರಡನೇ ವರ್ಷದ ಫೀಸ್ ಕಟ್ಟೋ ಟೈಮಿಗೆ ಅಪ್ಪ ಬೈಕ್ ಮಾರೋಣ ಅಂದ್ರು. ನೋಡೋಕೆ ಬಂದವನು ಬೈಕನ್ನ ಎರಡು ಸುತ್ತು ಹಾಕಿದ, ಒಂದು ಕಿಕ್ ಹೊಡೆದ, ಆಮೇಲೆ ಒಂದೇ ಪ್ರಶ್ನೆ ಕೇಳಿದ: "ಒರಿಜಿನಲ್ ಪಾರ್ಟ್ ಇಟ್ಟಿದ್ದೀರಾ?"

ಸೈಲೆನ್ಸರ್ ಗುಜರಿಗೆ ಹೋಗಿತ್ತು. ಮಡ್‌ಗಾರ್ಡ್ ಅರ್ಧ ಮಾತ್ರ ಉಳಿದಿತ್ತು. ಅವನು ಹೇಳಿದ ರೇಟು, ಪಕ್ಕದ ಬೀದಿಯಲ್ಲಿ ಅದೇ ಬೈಕಿಗೆ ಸಿಕ್ಕಿದ್ದಕ್ಕಿಂತ ತುಂಬಾ ಕಮ್ಮಿ. ಅಪ್ಪ ಏನೂ ಅನ್ನಲಿಲ್ಲ, ಕೊಟ್ಟುಬಿಟ್ಟರು.

ಹೋದ ತಿಂಗಳು ಹಾಸ್ಟೆಲ್‌ನಲ್ಲಿ ಜೂನಿಯರ್ ಒಬ್ಬ ಕೇಳಿದ: "ಅಣ್ಣಾ, ಐದು ಲಕ್ಷದ ಗಾಡಿಗೆ ಎರಡು ಲಕ್ಷ ಹಾಕಿದ್ರೆ ಏಳಕ್ಕೆ ಮಾರಬಹುದಲ್ವಾ?" ಇಲ್ಲ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದಿತ್ತು. ಆದರೆ ಯಾಕೆ ಇಲ್ಲ ಅನ್ನೋದರಲ್ಲಿ ಮೆಕ್ಯಾನಿಕಲ್‌ನವರಿಗೂ ಎಕನಾಮಿಕ್ಸ್ ಎಲೆಕ್ಟಿವ್ ತಗೊಂಡವರಿಗೂ ಒಳ್ಳೆ ಪಾಠ ಇದೆ. ಅದಕ್ಕೇ ಈ ಲೇಖನ.

ಉದಾಹರಣೆಗೆ ಬೈಕ್ ಬಿಟ್ಟು ಒಂದು ಸ್ಪೋರ್ಟ್ಸ್ ಕಾರನ್ನ ತಗೊಳ್ತೀನಿ: ಮಜ್ದಾ ಎಮ್‌ಎಕ್ಸ್-5, ಅಮೆರಿಕದಲ್ಲಿ ಮಿಯಾಟಾ ಅಂತಾರೆ. ನಮ್ಮ ರಸ್ತೇಲಿ ಇದು ಕಾಣಸಿಗೋದು ಅಪರೂಪ. ಆದರೂ ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಪ್ರಪಂಚದಲ್ಲಿ ಜನ ಅತಿ ಹೆಚ್ಚು ಬಿಚ್ಚಿ ಜೋಡಿಸಿ ಪ್ರಯೋಗ ಮಾಡಿದ ಸ್ಪೋರ್ಟ್ಸ್ ಕಾರುಗಳಲ್ಲಿ ಇದೂ ಒಂದು. ಏನು ಬದಲಾಯಿಸಿದರೆ ಏನಾಗುತ್ತೆ ಅನ್ನೋದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತೆ.

ಕಾರ್ಖಾನೆಯಿಂದ ಬಂದ ಕಾರು ಅಂದ್ರೆ ಏನು?

ಎಮ್‌ಎಕ್ಸ್-5 ಮೊದಲು ಕಾಣಿಸಿಕೊಂಡಿದ್ದು 1989ರ ಫೆಬ್ರವರಿಯಲ್ಲಿ, ಚಿಕಾಗೋ ಆಟೋ ಶೋನಲ್ಲಿ. 1.6 ಲೀಟರ್‌ನ ನಾಲ್ಕು ಸಿಲಿಂಡರ್ ಎಂಜಿನ್, ಸುಮಾರು 116 ಅಶ್ವಶಕ್ತಿ, ಸುಮಾರು 960 ಕೆಜಿ ತೂಕ, ಎರಡೇ ಸೀಟು, ಹಿಂದಿನ ಚಕ್ರಕ್ಕೆ ಡ್ರೈವ್, ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಶನ್. ಗೇರ್‌ಬಾಕ್ಸನ್ನೂ ಡಿಫರೆನ್ಶಿಯಲನ್ನೂ ಒಂದು ಅಲ್ಯೂಮಿನಿಯಂ ತೊಲೆಯಿಂದ ಬಿಗಿದಿದ್ದಾರೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಹಿಂದಿನ ಚಕ್ರ ಉತ್ತರ ಕೊಡಲಿ ಅಂತ ಈ ಏರ್ಪಾಡು. ಜಪಾನಿನ ಎಂಜಿನಿಯರುಗಳು ಇಟ್ಟುಕೊಂಡಿದ್ದ ಗುರಿಯ ಹೆಸರು 'ಜಿನ್ಬಾ ಇತ್ತಾಯ್', ಅಂದರೆ ಕುದುರೆ ಮತ್ತು ಸವಾರ ಒಂದೇ ದೇಹ ಆಗಿರೋದು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷನೇ ಕಾರು ತಯಾರಾಯ್ತು.

116 ಅಶ್ವಶಕ್ತಿ ಅಂದ್ರೆ ಇವತ್ತಿನ ಸಾಧಾರಣ ಎಸ್‌ಯುವಿಯಷ್ಟೇ. ಆದರೂ ಓಡಿಸಿದವರೆಲ್ಲ ನಕ್ಕೊಂಡು ಇಳಿಯುತ್ತಾರೆ. ಕಾರಣ, ಈ ಕಾರಿನ ಪೂರ್ತಿ ಶಕ್ತಿಯನ್ನ ಸಾಮಾನ್ಯ ಡ್ರೈವರ್ ಕೂಡ ಒಂದು ತಿರುವಿನ ರಸ್ತೇಲಿ ಬಳಸಬಹುದು. 500 ಅಶ್ವಶಕ್ತಿಯ ಕಾರಲ್ಲಿ ಎರಡನೇ ಗೇರ್ ಮುಗಿಯೋ ಮೊದಲೇ ವೇಗದ ಮಿತಿ ದಾಟಿರುತ್ತೆ. ಇಲ್ಲಿ ಗೇರ್ ಹಾಕ್ತಾ, ಬ್ರೇಕ್ ಒತ್ತುತ್ತಾ, ಸ್ಟಿಯರಿಂಗ್ ತಿರುಗಿಸ್ತಾ ಕೈಕಾಲಿಗೆ ಪೂರ್ತಿ ಕೆಲಸ.

ಇಲ್ಲಿ ಒಂದು ವಿಷಯ ಗಮನಿಸಿ. ಕಾರ್ಖಾನೆಯ ಕಾರು ಒಂದು ಆಪ್ಟಿಮೈಸೇಶನ್ ಸಮಸ್ಯೆಯ ಉತ್ತರ. ವೇಗ, ಆರಾಮ, ಶಬ್ದ, ಹೊಗೆ, ಇಂಧನ, ಟೈರ್ ಸವೆತ, ಸರ್ವಿಸ್ ಖರ್ಚು, ವಾರಂಟಿ, ಅಪಘಾತದ ಸುರಕ್ಷೆ, ಬೆಲೆ ಎಲ್ಲವನ್ನೂ ಹಿಡಿದು, ಸಾವಿರಾರು ಬೇರೆ ಬೇರೆ ಗಿರಾಕಿಗಳಿಗೆ ಒಪ್ಪೋ ಹಾಗೆ ಮಾಡಿದ ರಾಜಿ. ನೀವು ಮಾಡಿಫೈ ಮಾಡಿದಾಗ ಆ ರಾಜಿಯನ್ನ ನಿಮ್ಮ ಒಬ್ಬರ ಇಷ್ಟಕ್ಕೆ ಮತ್ತೆ ಬಿಡಿಸ್ತೀರಿ. ಅದಕ್ಕೇ ನಿಮಗೆ ಖುಷಿ ಸಿಗೋದು. ಮುಂದಿನ ಗಿರಾಕಿಗೆ ಹಿಡಿಸದೇ ಇರೋದಕ್ಕೂ ಅದೇ ಕಾರಣ.

ಸ್ಪ್ರಿಂಗ್: ಒಂದು ಚಿಕ್ಕ ಲೆಕ್ಕ

ಎಲ್ಲರೂ ಮೊದಲು ಮಾಡೋ ಕೆಲಸ ಕಾರನ್ನ ತಗ್ಗಿಸೋದು. ಗಟ್ಟಿ ಸ್ಪ್ರಿಂಗ್ ಹಾಕಿದ್ರೆ ತಿರುವಲ್ಲಿ ವಾಲೋದು ಕಮ್ಮಿ. ಮೂರನೇ ಸೆಮಿಸ್ಟರ್ ಹೊತ್ತಿಗೆ ಎಲ್ಲರೂ ನೋಡಿರೋ ಸೂತ್ರ ಇಲ್ಲಿ ಸಾಕು: ಬಿಗಿತವನ್ನ ದ್ರವ್ಯರಾಶಿಯಿಂದ ಭಾಗಿಸಿ, ವರ್ಗಮೂಲ ತೆಗೆದು, 2 ಪೈನಿಂದ ಭಾಗಿಸಿದ್ರೆ ಸಹಜ ಆವೃತ್ತಿ.

ಒಂದು ಮೂಲೆಯ ಮೇಲೆ 220 ಕೆಜಿ, ಚಕ್ರದ ಹತ್ತಿರದ ಬಿಗಿತ ಮಿಲಿಮೀಟರಿಗೆ 20 ನ್ಯೂಟನ್ ಅಂತ ಇಟ್ಟುಕೊಳ್ಳೋಣ. ಆವೃತ್ತಿ ಸುಮಾರು 1.5 ಹರ್ಟ್ಸ್. ಸ್ಪೋರ್ಟ್ಸ್ ಕಾರಿಗೆ ಹಿತವಾದ ಸಂಖ್ಯೆ. ಈಗ ಬಿಗಿತವನ್ನ ಎರಡು ಪಟ್ಟು ಮಾಡಿ. ಆವೃತ್ತಿ 2.1 ಹರ್ಟ್ಸ್ ದಾಟುತ್ತೆ. ರೇಸ್ ಟ್ರ್ಯಾಕಿನ ನುಣುಪು ಟಾರಿಗೆ ಅದು ಸರಿ. ಹಂಪು ತುಂಬಿದ ರಸ್ತೇಲಿ ಚಕ್ರ ನೆಲ ಬಿಟ್ಟು ಹಾರೋಕೆ ಶುರುಮಾಡುತ್ತೆ. ಚಕ್ರ ಗಾಳೀಲಿದ್ರೆ ಹಿಡಿತ ಸೊನ್ನೆ. ಕಾರು ಬಿಗಿಯಾಯ್ತು, ಆದ್ರೆ ಆ ರಸ್ತೇಲಿ ನಿಧಾನವಾಯ್ತು.

ಇನ್ನೊಂದು ತಪ್ಪು, ಸ್ಪ್ರಿಂಗ್ ಬದಲಿಸಿ ಡ್ಯಾಂಪರ್ ಹಾಗೇ ಬಿಡೋದು. ಕ್ರಿಟಿಕಲ್ ಡ್ಯಾಂಪಿಂಗ್ ಬಿಗಿತದ ವರ್ಗಮೂಲದಷ್ಟು ಏರುತ್ತೆ. ಹಾಗಾಗಿ ಬಿಗಿತ ಎರಡು ಪಟ್ಟಾದಾಗ ಹಳೇ ಡ್ಯಾಂಪರ್‌ನ ಡ್ಯಾಂಪಿಂಗ್ ರೇಶಿಯೋ 0.30 ಇದ್ದದ್ದು ಸುಮಾರು 0.21ಕ್ಕೆ ಇಳಿಯುತ್ತೆ. ಹಂಪು ದಾಟಿದ ಮೇಲೂ ಕಾರು ಕುಪ್ಪಳಿಸ್ತಾನೇ ಇರುತ್ತೆ. ಖರ್ಚು ಮಾಡಿ ಕಾರನ್ನ ಕೆಡಿಸಿಕೊಂಡ ಹಾಗೆ.

ಚಕ್ರದ ಕಥೆಯೂ ಇಂಥದ್ದೇ. ಮೊದಲ ತಲೆಮಾರಿನ ಎಮ್‌ಎಕ್ಸ್-5ರ ಒರಿಜಿನಲ್ 14 ಇಂಚಿನ ಅಲಾಯ್ ಚಕ್ರ ತುಂಬಾ ಹಗುರ. ಚೆನ್ನಾಗಿ ಕಾಣಲಿ ಅಂತ 17 ಇಂಚಿನ ಭಾರದ ಚಕ್ರ ಹಾಕಿದ್ರೆ ಏನಾಗುತ್ತೆ? ಚಕ್ರದ ಹೊರ ಅಂಚಿನಲ್ಲಿರೋ ದ್ರವ್ಯರಾಶಿ ಮುಂದಕ್ಕೂ ಹೋಗಬೇಕು, ಸುತ್ತಲೂ ತಿರುಗಬೇಕು. ವೇಗ ಹೆಚ್ಚಿಸುವಾಗ ಅಲ್ಲಿನ ಒಂದು ಕೆಜಿ, ಬಾಡಿಯಲ್ಲಿರೋ ಹತ್ತಿರ ಹತ್ತಿರ ಎರಡು ಕೆಜಿಗೆ ಸಮ. ಜೊತೆಗೆ ಅದು ಸ್ಪ್ರಿಂಗಿನ ಕೆಳಗಿನ ಭಾರ, ಡ್ಯಾಂಪರಿಗೆ ಹೆಚ್ಚಿನ ಕೆಲಸ. ಫೋಟೋ ಚೆನ್ನಾಗಿ ಬರುತ್ತೆ, ಕಾರು ಮಂಕಾಗುತ್ತೆ.

ಹಾಗಾದ್ರೆ ಖುಷಿಗೆ ನಿಜವಾಗಿ ಕೂಡಿಸೋದು ಯಾವುದು? ಒಳ್ಳೆ ಟೈರು, ಹಳೇ ರಬ್ಬರ್ ಬುಶ್‌ಗಳ ಬದಲಿಗೆ ಹೊಸವು, ಸರಿಯಾದ ವೀಲ್ ಅಲೈನ್‌ಮೆಂಟ್, ಒಳ್ಳೆ ಬ್ರೇಕ್ ಪ್ಯಾಡು. ಇವ್ಯಾವುವೂ ಪೋಸ್ಟ್ ಹಾಕೋ ಅಷ್ಟು ಚಂದ ಇಲ್ಲ. ಆದ್ರೆ ಕಾರು ಹೊಸದಾದ ಹಾಗೆ ಅನಿಸುತ್ತೆ, ಮಾರುವಾಗ ಯಾರೂ ಇವನ್ನ ದೋಷ ಅನ್ನಲ್ಲ.

ಟರ್ಬೊ: ಒಂದು ಎಳೆದ್ರೆ ಹತ್ತು ಬರುತ್ತೆ

ಎರಡನೇ ದೊಡ್ಡ ಆಸೆ ಪವರ್. 1.6 ಎಂಜಿನ್ನಿಗೆ ಟರ್ಬೊ ಹಾಕಿ ಅರ್ಧ ಬಾರ್ ಬೂಸ್ಟ್ ಕೊಟ್ಟರೆ ಗಾಳಿ 50% ಜಾಸ್ತಿ ಅನ್ಕೋತೀವಿ. ಥರ್ಮೋಡೈನಮಿಕ್ಸ್ ಬೇರೆ ಹೇಳುತ್ತೆ. ಒತ್ತಡ 1.5 ಪಟ್ಟಾದಾಗ 27 ಡಿಗ್ರಿಯ ಗಾಳಿ ಆದರ್ಶ ಸ್ಥಿತಿಯಲ್ಲೇ 64 ಡಿಗ್ರಿಗೆ ಏರುತ್ತೆ. ಕಂಪ್ರೆಸರ್ ದಕ್ಷತೆ 65% ಅಂತ ಹಿಡಿದ್ರೆ ಸುಮಾರು 84 ಡಿಗ್ರಿ. ಬಿಸಿಯಾದ ಗಾಳಿ ಹಿಗ್ಗುತ್ತೆ, ಹಾಗಾಗಿ ನಿಜವಾಗಿ ಸಿಗೋ ಹೆಚ್ಚುವರಿ ಗಾಳಿ ಸುಮಾರು 26% ಮಾತ್ರ. ಉಳಿದದ್ದು ಬೇಕಂದ್ರೆ ಇಂಟರ್‌ಕೂಲರ್ ಬೇಕು.

ಇಂಟರ್‌ಕೂಲರ್ ಇಟ್ಟರೆ ರೇಡಿಯೇಟರಿಗೆ ಗಾಳಿ ಕಮ್ಮಿ. ಈ ಎಂಜಿನ್ನಿನ ಕಂಪ್ರೆಶನ್ ರೇಶಿಯೋ 9.4. ಬಿಸಿ ಗಾಳಿ ಸೇರಿದ್ರೆ ನಾಕಿಂಗ್ ಶುರು, ಅದನ್ನ ತಡೆಯೋಕೆ ಇಗ್ನಿಶನ್ ಟೈಮಿಂಗ್, ಇಂಧನದ ಲೆಕ್ಕ ಎಲ್ಲ ಬದಲಿಸೋಕೆ ಹೊಸ ಇಸಿಯು. ಟಾರ್ಕ್ ಏರಿದ್ರೆ ಕ್ಲಚ್ ಜಾರುತ್ತೆ. ಕ್ಲಚ್ ಗಟ್ಟಿ ಮಾಡಿದ್ರೆ ಹೊಡೆತ ಡಿಫರೆನ್ಶಿಯಲಿಗೆ. 1.6 ಕಾರಿನ 6 ಇಂಚಿನ ರಿಂಗ್ ಗೇರ್ ಹೆಚ್ಚಿನ ಟಾರ್ಕಿಗೆ ದುರ್ಬಲ ಅಂತ ಮಾಡಿಫೈ ಮಾಡೋರಿಗೆಲ್ಲ ಗೊತ್ತು, ಅದಕ್ಕೇ 1.8 ಕಾರಿನ 7 ಇಂಚಿನದ್ದನ್ನ ತಂದು ಕೂರಿಸ್ತಾರೆ. ವೇಗ ಹೆಚ್ಚಾದ್ರೆ ಬ್ರೇಕು. ಮಜ್ದಾದವರೇ 2004ರಲ್ಲಿ ಎರಡನೇ ತಲೆಮಾರಿನ ಕಾರಿಗೆ ಟರ್ಬೊ ಹಾಕಿ 178 ಅಶ್ವಶಕ್ತಿಯ ಮಜ್ದಾಸ್ಪೀಡ್ ಆವೃತ್ತಿ ತಂದಾಗ, ಅವರೂ ಟರ್ಬೊ ಒಂದನ್ನೇ ಹಾಕಿ ಸುಮ್ಮನಾಗಲಿಲ್ಲ. ಕ್ಲಚ್, ಡ್ರೈವ್‌ಶಾಫ್ಟ್, ಸಸ್ಪೆನ್ಶನ್ ಎಲ್ಲ ಮುಟ್ಟಬೇಕಾಯ್ತು.

ಬಜೆಟ್ ಟರ್ಬೊ ಕಿಟ್ಟಿಗೆ ಅಂತ ಇರುತ್ತೆ, ಈ ಪೂರ್ತಿ ಸರಪಳಿಗೆ ಇರಲ್ಲ. ಅರ್ಧಕ್ಕೆ ನಿಂತ ಪ್ರಾಜೆಕ್ಟುಗಳು ಹುಟ್ಟೋದು ಇಲ್ಲೇ. ಗ್ಯಾರೇಜಲ್ಲಿ ವರ್ಷಗಟ್ಟಲೆ ಕೂತ ಕಾರು ಓಡಿಸೋ ಖುಷಿಯನ್ನೂ ಕೊಡಲ್ಲ, ಮಾರಿದ್ರೆ ದುಡ್ಡನ್ನೂ ಕೊಡಲ್ಲ.

ಕೊಳ್ಳೋನ ತಲೇಲಿ ಏನು ಓಡ್ತಿರುತ್ತೆ?

ಈಗ ಮಾರಾಟದ ಲೆಕ್ಕ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟು ಒಂದು ಪ್ರಬಂಧ ಬರೆದರು. 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಸಿಕ್ಕಿತು. ಅವರ ಮಾತಿನ ಸಾರ ಇಷ್ಟು: ಕಾರು ಒಳಗೆ ಹೇಗಿದೆ ಅಂತ ಮಾರೋನಿಗೆ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಕೆಟ್ಟದ್ದನ್ನೂ ಲೆಕ್ಕ ಹಾಕಿ ಕಮ್ಮಿ ರೇಟು ಹೇಳ್ತಾನೆ.

ಮಾಡಿಫೈ ಮಾಡಿದ ಕಾರಲ್ಲಿ ಈ ಗೊತ್ತಿಲ್ಲದ ಭಾಗ ದೊಡ್ಡದಾಗುತ್ತೆ. ದೊಡ್ಡ ಸೈಲೆನ್ಸರ್ ನೋಡಿದ ಕೂಡಲೇ ಕೊಳ್ಳೋನು ಯೋಚಿಸ್ತಾನೆ: ಇದನ್ನ ಹೇಗೆ ಓಡಿಸಿರಬಹುದು? ವೈರಿಂಗ್ ಯಾರು ಮಾಡಿದ್ದು? ಕೆಟ್ಟರೆ ಯಾವ ಮೆಕ್ಯಾನಿಕ್ ಮುಟ್ತಾನೆ? ಒಂದು ಕಲ್ಪನೆಯ ಲೆಕ್ಕ ನೋಡೋಣ. ಜೂನಿಯರ್ ಹೇಳಿದ ಐದು ಲಕ್ಷದ ಕಾರು. ಎಂಜಿನ್ ಒಳಗೆ ಪೆಟ್ಟಾಗಿರೋ ಸಾಧ್ಯತೆ 30% ಅಂತ ಕೊಳ್ಳೋನಿಗೆ ಅನಿಸಿತು, ರಿಪೇರಿಗೆ ಎರಡು ಲಕ್ಷ. ಅವನು ಮನಸ್ಸಲ್ಲೇ 60 ಸಾವಿರ ಕಳೆದ. ಒರಿಜಿನಲ್ ಪಾರ್ಟ್ ಹುಡುಕಿ ಹಾಕಿಸೋಕೆ ಇನ್ನು 50 ಸಾವಿರ ಅಂತ ಹಿಡಿದ. ಅಲ್ಲಿಗೆ 3.9 ಲಕ್ಷ. ನೀವು ಹಾಕಿದ ಎರಡು ಲಕ್ಷ ಅವನ ಲೆಕ್ಕದಲ್ಲಿ ಬರಲೇ ಇಲ್ಲ, ಬಂದಿದ್ದರೂ ಮೈನಸ್ ಆಗಿ ಬಂತು. ನಿಮ್ಮ ಕಾರು ನಿಜಕ್ಕೂ ಚೆನ್ನಾಗಿದ್ದರೂ ಇಷ್ಟೇ, ಯಾಕಂದ್ರೆ ಅದು ಅವನಿಗೆ ಗೊತ್ತಿಲ್ಲ.

ಇನ್ನೊಂದು ಕಾರಣ ಅಭಿರುಚಿ. ಸ್ಟಾಕ್ ಕಾರಿಗೆ ಹತ್ತು ಜನ ಗಿರಾಕಿ ಇದ್ರೆ, ನಿಮ್ಮದೇ ಬಣ್ಣ, ನಿಮ್ಮದೇ ಎತ್ತರ, ನಿಮ್ಮದೇ ಶಬ್ದ ಇಷ್ಟಪಡೋರು ಒಬ್ಬರೋ ಇಬ್ಬರೋ. ಅವರು ಸಿಗೋವರೆಗೆ ಕಾಯೋ ತಾಳ್ಮೆ ಇರಬೇಕು. ಫೀಸಿಗೆ ದುಡ್ಡು ಬೇಕಾದಾಗ ಆ ತಾಳ್ಮೆ ಇರಲ್ಲ.

ವರ್ಷಗಳು ಕಳೆದಂತೆ ಇದು ಇನ್ನೂ ತೀವ್ರ ಆಗುತ್ತೆ. 1990ರ ದಶಕದ ಟೊಯೋಟಾ ಸುಪ್ರಾ ಗೊತ್ತಲ್ಲ? ಅದರ 2ಜೆಝಡ್ ಎಂಜಿನ್ನಿನ ಬೀಡುಕಬ್ಬಿಣದ ಬ್ಲಾಕ್ ಎಷ್ಟು ಗಟ್ಟಿ ಅಂದ್ರೆ, ಸಿಕ್ಕವರೆಲ್ಲ ಬೂಸ್ಟ್ ಏರಿಸಿದರು. ಅದರಿಂದಾಗಿ ಯಾರೂ ಮುಟ್ಟದ ಸುಪ್ರಾ ಅಪರೂಪವಾಗಿ, ಸಂಗ್ರಾಹಕರು ಅಂಥದ್ದಕ್ಕೇ ಹೆಚ್ಚು ಕೊಡೋ ಹಾಗಾಯ್ತು. ಮಜ್ದಾ ಕೂಡ ಜಪಾನಿನಲ್ಲಿ ಮೊದಲ ತಲೆಮಾರಿನ ಎಮ್‌ಎಕ್ಸ್-5 ಕಾರುಗಳನ್ನ ಮೊದಲಿನ ಹಾಗೆ ಮಾಡಿಕೊಡೋ ಸೇವೆಯನ್ನ 2017ರಲ್ಲಿ ಘೋಷಿಸಿತು. ಅದಕ್ಕಾಗಿ ಹಳೇ ಅಳತೆಯ ಬ್ರಿಡ್ಜ್‌ಸ್ಟೋನ್ ಟೈರು, ನಾರ್ಡಿ ಮರದ ಸ್ಟಿಯರಿಂಗ್ ಚಕ್ರ ಇವೆಲ್ಲ ಮತ್ತೆ ತಯಾರಾದವು. ಮೂವತ್ತು ವರ್ಷದ ಹಿಂದೆ ಬಿಚ್ಚಿ ಎಸೆದ ಸಾಮಾನನ್ನ ಜನ ಈಗ ದುಡ್ಡು ಕೊಟ್ಟು ತರ್ತಿದ್ದಾರೆ.

ಹಾಗಾದ್ರೆ ಬೆಲೆ ಏರೋದೇ ಇಲ್ವಾ?

ಏರುತ್ತೆ, ಕೆಲವು ಸಲ. ಯಾಕೆ ಅಂತ ನೋಡಿದ್ರೆ ನಿಯಮ ಇನ್ನೂ ಸ್ಪಷ್ಟ ಆಗುತ್ತೆ.

ಒಂದು, ಕಥೆ. 2001ರ 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್' ಸಿನಿಮಾದಲ್ಲಿ ಓಡಿದ ಕಿತ್ತಳೆ ಬಣ್ಣದ ಸುಪ್ರಾ 2021ರಲ್ಲಿ ಅಮೆರಿಕದ ಲಾಸ್ ವೇಗಸ್ ಹರಾಜಿನಲ್ಲಿ 5,50,000 ಡಾಲರಿಗೆ ಹೋಯ್ತು. ಅದೇ ಸ್ಟಿಕ್ಕರ್, ಅದೇ ರೆಕ್ಕೆ ನೀವು ಹಾಕಿಸಿದ್ರೆ ಆ ಬೆಲೆ ಬರಲ್ಲ. ಅಲ್ಲಿ ಮಾರಾಟವಾದದ್ದು ಸಿನಿಮಾದ ನೆನಪು.

ಎರಡು, ಹೆಸರು. ಜರ್ಮನಿಯ ರೂಫ್ ಕಂಪನಿ ಪೋರ್ಶೆ ಬಾಡಿಯ ಮೇಲೆ ತನ್ನದೇ ಕಾರು ಕಟ್ಟುತ್ತೆ. 1981ರಿಂದ ಅದಕ್ಕೆ ಅಲ್ಲಿನ ಸರ್ಕಾರದಿಂದ ಕಾರು ತಯಾರಕ ಅನ್ನೋ ಮಾನ್ಯತೆ ಇದೆ. ಇಂಥ ಕಡೆ ಕೆಲಸದ ಗುಣಮಟ್ಟ ಕೊಳ್ಳೋನಿಗೆ ಮೊದಲೇ ಗೊತ್ತಿರುತ್ತೆ.

ಮೂರು, ನಿಯಮ ಪುಸ್ತಕ. ಅಮೆರಿಕದಲ್ಲಿ ಸ್ಪೆಕ್ ಮಿಯಾಟಾ ಅನ್ನೋ ರೇಸಿಂಗ್ ವಿಭಾಗ ಇದೆ. ಯಾವ ಸ್ಪ್ರಿಂಗ್, ಯಾವ ಡ್ಯಾಂಪರ್ ಅನ್ನೋದೆಲ್ಲ ನಿಯಮದಲ್ಲೇ ಬರೆದಿದೆ. ಅಲ್ಲಿ ಮಾಡಿಫೈ ಮಾಡಿದ ಕಾರಿಗೇ ಗಿರಾಕಿ, ಕಾರಣ ಎಲ್ಲರಿಗೂ ಬೇಕಾದದ್ದು ಒಂದೇ.

ನಾಲ್ಕು, ಗೊತ್ತಿರೋ ದೋಷವನ್ನ ಸರಿಪಡಿಸಿದ್ದು. 1990ರ ದಶಕದ ಕೊನೆಯಿಂದ ಬಂದ ಪೋರ್ಶೆ ಬಾಕ್ಸ್‌ಸ್ಟರ್ ಮತ್ತು 911 ಕಾರುಗಳ ಎಂಜಿನ್ನಿನಲ್ಲಿ ಐಎಂಎಸ್ ಬೇರಿಂಗ್ ಅಂತ ಒಂದಿದೆ. ಅದು ಮುರಿದ್ರೆ ಎಂಜಿನ್ನೇ ಹೋಗುತ್ತೆ. ಗಟ್ಟಿಯಾದ ಬೇರಿಂಗ್ ಹಾಕಿಸಿ ಬಿಲ್ ಇಟ್ಟುಕೊಂಡವರ ಕಾರನ್ನ ಕೊಳ್ಳೋನು ಧೈರ್ಯವಾಗಿ ತಗೋತಾನೆ. ಇದೂ ಮಾಡಿಫಿಕೇಶನ್ನೇ, ಆದರೆ ಅನುಮಾನವನ್ನ ಕಮ್ಮಿ ಮಾಡಿದ ಮಾಡಿಫಿಕೇಶನ್.

ನಾಲ್ಕರಲ್ಲೂ ಸಾಮಾನ್ಯವಾಗಿರೋದು ಒಂದೇ: ತನಗೆ ಸಿಕ್ತಿರೋದು ಏನು ಅಂತ ಕೊಳ್ಳೋನಿಗೆ ಖಚಿತವಾಗಿ ಗೊತ್ತು.

ನಮ್ಮಲ್ಲಿ ಇನ್ನೊಂದು ಲೆಕ್ಕ: ಕಾನೂನು

ಭಾರತದಲ್ಲಿ ಇದು ಬೆಲೆಯ ಪ್ರಶ್ನೆಗೆ ಮುಗಿಯಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೂ ಆರ್‌ಸಿಯಲ್ಲಿರೋ ವಿವರಗಳಿಗೂ ವ್ಯತ್ಯಾಸ ಬರೋ ಹಾಗೆ ವಾಹನವನ್ನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಅಂತ ಬಂತು. ಸೈಲೆನ್ಸರ್‌ಗಳನ್ನ ಸಾಲಾಗಿ ಇಟ್ಟು ಪೊಲೀಸರು ರೋಡ್ ರೋಲರ್ ಹತ್ತಿಸಿದ ವಿಡಿಯೋ ನೀವೂ ನೋಡಿರ್ತೀರಿ. ವಿಮೆ ಕಂಪನಿಗೆ ಹೇಳದೆ ಎಂಜಿನ್ ಬದಲಾವಣೆ ಮಾಡಿದ್ರೆ, ಅಪಘಾತ ಆದ ದಿನ ಕ್ಲೇಮ್ ಕೈಕೊಡಬಹುದು. ಈ ಅಪಾಯಗಳೆಲ್ಲ ಮುಂದಿನ ಮಾಲೀಕನಿಗೂ ದಾಟುತ್ತವೆ. ಅವನು ಅದಕ್ಕೂ ರೇಟು ಕಡಿಯುತ್ತಾನೆ.

ಆಸೆ ತೀರಿಸಿಕೊಳ್ಳೋಕೆ ಬೇರೆ ದಾರಿ ಇದೆ. ನಮ್ಮ ಕಾಲೇಜುಗಳ ಬಾಹಾ, ಫಾರ್ಮುಲಾ ಸ್ಟೂಡೆಂಟ್ ತಂಡಗಳಲ್ಲಿ ಸಸ್ಪೆನ್ಶನ್ನಿಂದ ಇಂಟೇಕ್‌ವರೆಗೆ ಎಲ್ಲ ನಾವೇ ಲೆಕ್ಕ ಹಾಕಿ ಮಾಡಬಹುದು, ತಪ್ಪಾದರೆ ಬಿಚ್ಚಿ ಮತ್ತೆ ಮಾಡಬಹುದು. ಓಡಿಸೋ ಆಸೆಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕುಗಳಿವೆ.

ಸ್ಪಾನರ್ ಹಿಡಿಯೋ ಮುಂಚೆ

ಇಷ್ಟೆಲ್ಲ ಹೇಳಿದ್ದು ಮಾಡಿಫೈ ಮಾಡಬೇಡಿ ಅನ್ನೋಕೆ ಅಲ್ಲ. ಸ್ವಂತ ಕೈಯಾರೆ ಡ್ಯಾಂಪರ್ ಬದಲಿಸಿ, ಸಂಜೆ ಅದೇ ತಿರುವಿಗೆ ಹೋಗಿ ವ್ಯತ್ಯಾಸ ಗೊತ್ತಾದಾಗ ಸಿಗೋ ಖುಷಿಗೆ ಮರುಮಾರಾಟದ ಬೆಲೆಯಲ್ಲಿ ಅಳತೆ ಇಲ್ಲ. ಜನ ಪ್ರವಾಸಕ್ಕೆ, ಸಿನಿಮಾಕ್ಕೆ, ಊಟಕ್ಕೆ ದುಡ್ಡು ಖರ್ಚು ಮಾಡ್ತಾರೆ, ವಾಪಸ್ ಬರಲಿ ಅಂತ ಯಾರೂ ಕಾಯಲ್ಲ. ಮಾಡಿಫಿಕೇಶನ್ ದುಡ್ಡನ್ನೂ ಆ ಖಾತೆಗೇ ಬರೆಯಿರಿ. ಹೂಡಿಕೆ ಅಂತ ನಿಮಗೆ ನೀವೇ ಸುಳ್ಳು ಹೇಳಿಕೊಳ್ಳಬೇಡಿ.

ಶುರು ಮಾಡೋ ಮುಂಚೆ ಐದು ಪ್ರಶ್ನೆ ಕೇಳಿಕೊಳ್ಳಿ:

1. ಈಗಿನ ಕಾರಲ್ಲಿ ನನಗೆ ಸಾಲದಿರೋದು ನಿಖರವಾಗಿ ಏನು? ಉತ್ತರ ಬರದಿದ್ರೆ ಮೊದಲು ಟೈರು, ಅಲೈನ್‌ಮೆಂಟ್ ಸರಿ ಮಾಡಿ ಓಡಿಸಿ ನೋಡಿ.
2. ಇದು ಕಾನೂನಿನ ಒಳಗಿದೆಯಾ? ಆರ್‌ಟಿಒ, ವಿಮೆ ಎರಡೂ ಒಪ್ಪುತ್ತಾ?
3. ಬರೀ ಬೋಲ್ಟ್ ಬಿಚ್ಚಿ ವಾಪಸ್ ಹಾಕಬಹುದಾ? ಕತ್ತರಿಸಬೇಕು, ವೆಲ್ಡ್ ಮಾಡಬೇಕು, ಕೊರೆಯಬೇಕು ಅಂದ್ರೆ ಒಂದು ವಾರ ಸುಮ್ಮನೆ ಕೂತು ಯೋಚಿಸಿ.
4. ಇದನ್ನ ಬದಲಿಸಿದ್ರೆ ಇನ್ನೇನೇನು ಬದಲಿಸಬೇಕು? ಸರಪಳಿಯ ಕೊನೆವರೆಗಿನ ಖರ್ಚು ಎಷ್ಟು?
5. ಹಾಕಿದ ದುಡ್ಡು ಒಂದು ಪೈಸೆಯೂ ವಾಪಸ್ ಬರಲ್ಲ ಅಂದ್ರೂ ಮಾಡ್ತೀನಾ?

ಕೊನೆಯದಕ್ಕೆ ಹೌದು ಅನ್ನೋದಾದ್ರೆ ಮಾಡಿ, ಚೆನ್ನಾಗಿ ಮಾಡಿ. ಬಿಲ್ಲುಗಳನ್ನ ಒಂದು ಫೈಲಲ್ಲಿ ಇಡಿ. ಬಿಚ್ಚಿದ ಪಾರ್ಟನ್ನ ಒರೆಸಿ, ಎಣ್ಣೆ ಹಚ್ಚಿ, ಚೀಲಕ್ಕೆ ಹಾಕಿ, ಹೆಸರು ಬರೆದು ಅಟ್ಟದ ಮೇಲಿಡಿ. ಮಾರುವಾಗ ಅದನ್ನೇ ವಾಪಸ್ ಹಾಕಿ, ಹೊಸ ಪಾರ್ಟುಗಳನ್ನ ಬೇರೆಯಾಗಿ ಮಾರಿದ್ರೆ ಸಾಮಾನ್ಯವಾಗಿ ಎರಡೂ ಸೇರಿ ಹೆಚ್ಚು ಸಿಗುತ್ತೆ.

ಜೂನಿಯರ್ ಈಗ ತನ್ನ ಬೈಕಿನ ಸೈಲೆನ್ಸರ್ ಬದಲಿಸೋ ಯೋಚನೆಯನ್ನ ಮುಂದಕ್ಕೆ ಹಾಕಿದ್ದಾನೆ, ಸದ್ಯಕ್ಕೆ ಟೈರ್ ಬದಲಿಸಿದ್ದಾನೆ. ನಾನು ಮಾತ್ರ ಊರಿಗೆ ಹೋದಾಗಲೆಲ್ಲ ಗುಜರಿ ಅಂಗಡಿ ಮುಂದೆ ಹಾಯುವಾಗ ಒಳಗೆ ಇಣುಕಿ ನೋಡ್ತೀನಿ, ಆ ಹಳೇ ಸೈಲೆನ್ಸರ್ ಅಲ್ಲೇ ಎಲ್ಲಾದರೂ ಇದೆಯಾ ಅಂತ.